ಕಾಂಡ್ಲಾ ಬಾಗಿಲಿಗೆ ಹಿಡಿಸದ ಚಾವಣಿ

ಗಂಡಸರಿಗೆ ತಲೆಯ ಮೇಲಿನ ಕೂದಲು ಕಡಿಮೆಯಾಗುತ್ತ ಬಂದ ಹಾಗೆ ಅಲ್ಲಿ ಬೇರೇನಾದರೂ ಇಟ್ಟುಕೊಳ್ಳುವ ಆಸೆ ಹುಟ್ಟುತ್ತದೆಯೋ ಏನೋ. ನನ್ನ ಗಂಡನಿಗೆ ಚಾವಣಿಯ ಹುಚ್ಚು ಹಿಡಿಯಿತು. ಮನೆಗಲ್ಲ, ದೋಣಿಗೆ.

ನಮ್ಮದು ಸಣ್ಣ ದ್ವೀಪ. ಇಲ್ಲಿಂದ ಆಚೆ ದಡಕ್ಕೆ ಜನರನ್ನು ದಾಟಿಸುವ ದೋಣಿ ನಮ್ಮದೊಂದೇ. ಮೊದಲು ಮಾವ ನಡೆಸುತ್ತಿದ್ದರು, ಅವರ ನಂತರ ಇವರು. ಹಳೆಯ ದೋಣಿಯಲ್ಲಿ ಕೂತವರ ತಲೆಯ ಮೇಲೆ ಆಕಾಶ ಬಿಟ್ಟರೆ ಬೇರೇನೂ ಇರಲಿಲ್ಲ. ಬಿಸಿಲಾದರೆ ಬಿಸಿಲು, ಮಳೆಯಾದರೆ ಮಳೆ. ಎಲ್ಲರೂ ಕೊಡೆ ಬಿಚ್ಚಿ ಕೂರುತ್ತಿದ್ದರು, ಗಾಳಿ ಬೀಸಿದರೆ ಒಬ್ಬರ ಕೊಡೆ ಇನ್ನೊಬ್ಬರ ಕಣ್ಣಿಗೆ ಚುಚ್ಚಿ ಆಚೆ ದಡ ಸಿಗುವವರೆಗೂ ಜಗಳ. ಆ ದೋಣಿಯ ಹಲಗೆ ಕೊನೆಗೂ ಮೆತ್ತಗಾಗಿ ಹೊಸದು ಕಟ್ಟಿಸುವ ಕಾಲ ಬಂದಾಗ ಇವರು ದೋಣಿಗಿಂತ ಚಾವಣಿಯ ಮಾತನ್ನೇ ಹೆಚ್ಚು ಆಡಿದರು.

ಎಂಥ ಚಾವಣಿ ಅಂತೀರಿ! ಕಬ್ಬಿಣದ ನಾಲ್ಕು ಕಂಬ, ಮೇಲೆ ನೀಲಿ ತಗಡು, ಅದರ ಅಂಚಿಗೆ ಸುತ್ತಲೂ ಬಿಳಿ ಬಣ್ಣ ಬಳಿದ ಜಾಲರಿ. ಕೆಲಸ ಮಾಡಿದವನು ವೆಲ್ಡರ್, ಇವರ ಬಾಲ್ಯದ ಗೆಳೆಯ. ಅವನ ಶೆಡ್ಡು ಜೆಟ್ಟಿಯ ಪಕ್ಕದಲ್ಲೇ ಇದೆ. "ಬೋಲ್ಟ್ ಹಾಕೋಣ ಕಣೋ, ಬೇಕಾದಾಗ ಬಿಚ್ಕೋಬಹುದು" ಎಂದು ಅವನು ಒಂದು ಒಳ್ಳೆಯ ಮಾತು ಹೇಳಿದ್ದ. ಇವರು ಕೇಳಬೇಕಲ್ಲ. "ಬಿಚ್ಚೋ ಮಾತೇ ಇಲ್ಲ. ಬೆಸುಗೆ ಹಾಕು. ಬಿರುಗಾಳಿ ಬಂದ್ರೂ ಅಲ್ಲಾಡಬಾರದು" ಎಂದರು.

ಮೊದಲ ದಿನವೇ ಜನ ಇವರನ್ನು "ಕ್ಯಾಪ್ಟನ್" ಎಂದು ಕರೆಯತೊಡಗಿದರು. ತಮಾಷೆಗೆ ಕರೆದದ್ದು. ಆದರೆ ಇವರು ಮರುದಿನವೇ ಆಚೆ ದಡದ ಅಂಗಡಿಯಿಂದ ಬಿಳಿ ಟೋಪಿಯೊಂದನ್ನು ಕೊಂಡು ತಂದರು. ಚಾವಣಿಯ ಕೆಳಗೆ ಟೋಪಿ ಯಾಕೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಟೋಪಿಗೂ ಒಂದು ಜಾಲರಿ ಹೊಲಿದುಕೊಡು ಅನ್ನುತ್ತಿದ್ದರೋ ಏನೋ, ಯಾಕೆಂದರೆ ನಾನು ದರ್ಜಿ. ಬೀದಿಯ ಕಡೆಯ ಕೋಣೆಯಲ್ಲಿ, ಕಿಟಕಿಗೆ ಒತ್ತಿಕೊಂಡು ನನ್ನ ಮೆಷಿನ್ನಿದೆ. ಊರಿನಲ್ಲಿ ಯಾರ ಸೊಂಟ ಎಷ್ಟು ಹಿಗ್ಗಿತು ಎಂಬುದು ಅವರ ಮನೆಯವರಿಗಿಂತ ಮೊದಲು ನನಗೆ ಗೊತ್ತಾಗುತ್ತದೆ.

ಇರಲಿ. ಈಗ ಬಾಗಿಲಿನ ವಿಷಯಕ್ಕೆ ಬರುತ್ತೇನೆ.

ದ್ವೀಪದ ಹಿಂಬದಿಗೆ ಕಾಂಡ್ಲಾ ಕಾಡಿದೆ. ಉಪ್ಪುನೀರಿನಲ್ಲೇ ಹುಟ್ಟಿ, ಬೇರುಗಳನ್ನೇ ಊರುಗೋಲು ಮಾಡಿಕೊಂಡು ಕೆಸರಿನ ಮೇಲೆ ಎದ್ದು ನಿಲ್ಲುವ ಮರಗಳು. ಅವುಗಳ ನಡುವೆ ಒಂದು ಕಾಲುವೆ ಬಳುಕಿಕೊಂಡು ಒಳಗೆ ಹೋಗುತ್ತದೆ. ಬಿರುಗಾಳಿಯ ಸೂಚನೆ ಸಿಕ್ಕಿದ ಕೂಡಲೇ ಊರಿನ ದೋಣಿಗಳೆಲ್ಲ ಅದರೊಳಗೆ ಸೇರಿಕೊಳ್ಳಬೇಕು. ದೊಡ್ಡದು ಮೊದಲು, ತೀರ ಒಳಕ್ಕೆ. ಅದರ ಹಿಂದೆ ಸಣ್ಣವು. ಎರಡೂ ಬದಿಯ ಬೇರುಗಳಿಗೆ ಹಗ್ಗ ಕಟ್ಟಿ, ಒಂದು ದೋಣಿಯನ್ನು ಇನ್ನೊಂದಕ್ಕೆ ಬಿಗಿದು, ಕೊನೆಗೆ ನೋಡಿದರೆ ಇಡೀ ಕಾಲುವೆಗೆ ಜೇಡ ಬಲೆ ಹೆಣೆದಂತಿರುತ್ತದೆ. ಹೊರಗೆ ಸಮುದ್ರ ಹುಚ್ಚೆದ್ದು ಕುಣಿದರೂ ಒಳಗಿನ ನೀರು ಲೋಟದ ಚಹಾದಷ್ಟೇ ಅಲ್ಲಾಡುತ್ತದೆ.

ಕಾಲುವೆಯ ಬಾಯಲ್ಲಿ ಎಡಕ್ಕೊಂದು ಬಲಕ್ಕೊಂದು ಹಳೆಯ ಮರಗಳಿವೆ. ಕೊಂಬೆಗಳು ಮೇಲೆ ಒಂದರೊಳಗೊಂದು ಹೆಣೆದುಕೊಂಡಿವೆ. ಊರವರು ಅದನ್ನು ಬಾಗಿಲು ಅನ್ನುತ್ತಾರೆ. ಒಳಗೆ ಹೋಗುವಾಗ ದೋಣಿಯಲ್ಲಿದ್ದವರೆಲ್ಲ ಬಗ್ಗಲೇಬೇಕು. ನಮ್ಮ ಅತ್ತೆ ಹುಡುಗಿಯಾಗಿದ್ದಾಗಿನಿಂದ ಆ ಕೆಸರಿನಲ್ಲಿ ಏಡಿ ಹಿಡಿದವರು. "ಈ ಊರಲ್ಲಿ ಗಂಡಸರು ತಲೆ ತಗ್ಗಿಸೋ ಜಾಗ ಅದೊಂದೇ" ಎಂದು ಅವರು ಆಗಾಗ ಹೇಳುತ್ತಿರುತ್ತಾರೆ.

ಹೊಸ ದೋಣಿ ನೀರಿಗಿಳಿದ ವಾರದಲ್ಲಿ ಒಂದು ಮಧ್ಯಾಹ್ನ ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಂದು ಅಂಗಿಯ ತೋಳು ಜೋಡಿಸುತ್ತಿದ್ದೆ. ಇವರು ಎದುರಿಗೆ ಕೂತು ಟೋಪಿ ಒರೆಸುತ್ತಿದ್ದರು. ಯಾಕೋ ಇದ್ದಕ್ಕಿದ್ದಂತೆ ನನಗೆ ಅನುಮಾನ ಬಂತು.

"ರೀ, ಆ ಚಾವಣಿ ಬಾಗಿಲಲ್ಲಿ ಹಿಡಿಸುತ್ತಾ?"

"ನನ್ನನ್ನೇನು ಅಂದ್ಕೊಂಡಿದ್ದೀಯ? ಕಂಬ ಕತ್ತರಿಸೋಕೆ ಮುಂಚೆನೇ ಕೋಲು ಹಿಡ್ಕೊಂಡು ಹೋಗಿ ಅಳೆದು ಬಂದಿದ್ದೀನಿ. ಒಂದು ಗೇಣು ಮಿಕ್ಕುತ್ತೆ."

"ಎಲ್ಲಿ ನಿಂತು ಅಳೆದ್ರಿ?"

"ಎಲ್ಲಿ ಅಂದ್ರೆ? ಬಾಗಿಲ ಮಧ್ಯದಲ್ಲೇ. ಕೆಸರಲ್ಲಿ ಆರಾಮಾಗಿ ನಿಂತ್ಕೊಂಡು."

ನಾನು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಡಬ್ಬಿಗೆ ಹಾಕಿದೆ. ಬಾಯಲ್ಲಿ ಸೂಜಿ ಇಟ್ಟುಕೊಂಡು ಗಂಡನನ್ನು ಬಯ್ಯಬಾರದು, ಅಪಾಯ.

"ಕೆಸರಲ್ಲಿ ನಿಂತಿದ್ರಿ ಅಂದ್ರೆ ಇಳಿತ. ನೀರೆಲ್ಲ ಇಳಿದು ಹೋಗಿತ್ತು. ಇಳಿತದಲ್ಲಿ ಅಲ್ಲಿ ಬಾತುಕೋಳಿನೂ ತೇಲಲ್ಲ. ದೋಣಿ ಒಳಗೆ ಹೋಗೋದು ಉಬ್ಬರದಲ್ಲಿ. ಉಬ್ಬರದಲ್ಲಿ ನೀರು ಮೇಲೆ ಬಂದ್ರೆ ದೋಣಿನೂ ಮೇಲೆ ಬರುತ್ತೆ, ಚಾವಣಿನೂ ಮೇಲೆ ಬರುತ್ತೆ. ಕೊಂಬೆ ಮೇಲೆ ಬರುತ್ತೇನ್ರೀ?"

ಇವರು ಟೋಪಿ ಒರೆಸುವುದನ್ನು ಬಿಟ್ಟರು. ನಾನು ಬಿಡಲಿಲ್ಲ.

"ಎದೆ ಅಳತೆ ತಗೋವಾಗ ಉಸಿರು ಬಿಟ್ಟಾಗ ಒಂದ್ಸಲ, ಎಳೆದಾಗ ಒಂದ್ಸಲ ಟೇಪು ಹಿಡೀಬೇಕು ಅಂತ ಅಪ್ಪ ಹೇಳಿಕೊಟ್ಟಿದ್ರು. ಇಲ್ಲಾಂದ್ರೆ ಗುಂಡಿ ಹಾರುತ್ತೆ. ಕಾಲುವೆನೂ ಉಸಿರಾಡುತ್ತೆ ರೀ. ದಿನಾ ಅದರ ಮೇಲೇ ಓಡಾಡೋ ನಿಮಗೆ ನಾನು ಹೇಳಬೇಕಾ?"

ಹುಟ್ಟಿದಾಗಿನಿಂದ ಉಬ್ಬರ ಇಳಿತ ನೋಡಿಕೊಂಡೇ ಊಟ ನಿದ್ದೆ ಮಾಡಿದ ಮನುಷ್ಯ. ಆಸೆ ಬಂದರೆ ಬುದ್ಧಿ ಬಾಗಿಲ ಹೊರಗೆ ನಿಲ್ಲುತ್ತದೆ. ಆದರೂ ಒಪ್ಪಿಕೊಳ್ಳುವ ಜಾತಿಯಲ್ಲ ಇವರದು. "ಒಂದು ಗೇಣು ಮಿಕ್ಕುತ್ತೆ ಅಂದ್ನಲ್ಲ. ನಾಳೆ ಉಬ್ಬರಕ್ಕೆ ಬಾ, ತೋರಿಸ್ತೀನಿ" ಎಂದು ಎದ್ದು ಹೋದರು.

ಮರುದಿನ ಬೆಳಿಗ್ಗೆ ನಾನು, ಅತ್ತೆ, ಇವರು ಹೊರಟೆವು. ಅತ್ತೆ ಏಡಿಯ ಬುಟ್ಟಿಯನ್ನೂ ತಂದಿದ್ದರು. "ಮಗನ ಮರ್ಯಾದೆ ಹೋದ್ರೂ ನಮ್ಮ ಹೊತ್ತು ದಂಡ ಆಗಬಾರದು" ಎಂದರು. ನೀರು ಏರುತ್ತಿತ್ತು. ಇವರು ಎಂಜಿನ್ ನಿಧಾನ ಮಾಡಿ, ಟೋಪಿ ಸರಿಮಾಡಿಕೊಂಡು, ಬಾಗಿಲಿನ ಕಡೆ ಚುಕ್ಕಾಣಿ ತಿರುಗಿಸಿದರು. ಮುಂದಿನ ಎರಡು ಕಂಬಗಳು ದಾಟಿದವು. ಇವರು ಹಿಂತಿರುಗಿ ನನ್ನನ್ನು ನೋಡಿ ನಕ್ಕರು. ಆ ನಗು ಪೂರ್ತಿಯಾಗುವ ಮೊದಲೇ ಕರಕರ ಎಂದು ಸದ್ದಾಗಿ ದೋಣಿ ನಿಂತಿತು. ಜಾಲರಿ ಕೊಂಬೆಗೆ ಸಿಕ್ಕಿಕೊಂಡಿತ್ತು.

ಮುಂದಕ್ಕೆ ಹೋಗಲಿಲ್ಲ, ಹಿಂದಕ್ಕೆ ಬರಲಿಲ್ಲ. ನೀರು ಇನ್ನೂ ಏರುತ್ತಿದ್ದುದರಿಂದ ಚಾವಣಿ ಕೊಂಬೆಗಳೊಳಗೆ ಇನ್ನಷ್ಟು ಬಿಗಿಯಾಯಿತು. "ನೀರು ಇಳಿಯೋವರೆಗೂ ಕಾಯಬೇಕು" ಎಂದು ಇವರು ಸಣ್ಣ ದನಿಯಲ್ಲಿ ಹೇಳಿದರು. ಅತ್ತೆ ಆಗಲೇ ಅಂಚಿಗೆ ಸರಿದು ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದರು.

ನಿಜ ಹೇಳುತ್ತೇನೆ, ಆ ಬೆಳಿಗ್ಗೆಯಷ್ಟು ನೆಮ್ಮದಿಯಾಗಿ ನಾನು ಎಷ್ಟೋ ದಿನಗಳಿಂದ ಕೂತಿರಲಿಲ್ಲ. ನೀರು ತಿಳಿಯಾಗಿತ್ತು. ಬೇರುಗಳ ಸಂದಿಯಲ್ಲಿ ಉಗುರಿನಷ್ಟುದ್ದದ ಮೀನಿನ ಮರಿಗಳು ಗುಂಪುಗುಂಪಾಗಿ ತಿರುಗುತ್ತಿದ್ದವು. ಬೇರಿನ ಮೇಲೆ ಒಂದು ಏಡಿ ಬಿದ್ದ ಎಲೆಯೊಂದನ್ನು ಹೊತ್ತುಕೊಂಡು ಅವಸರದಲ್ಲಿ ಮನೆಗೆ ಹೋಗುತ್ತಿತ್ತು. ಆಗಾಗ ತಗಡಿನ ಮೇಲೆ ಟಣ್ ಎಂದು ಏನೋ ಬೀಳುತ್ತಿತ್ತು. ಈ ಮರದ ಬೀಜ ಮರದಲ್ಲಿರುವಾಗಲೇ ಮೊಳಕೆಯೊಡೆದು ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಜೋತಾಡುತ್ತದೆ. ಬಲಿತ ಮೇಲೆ ತಾನೇ ಕಳಚಿಕೊಂಡು ಕೆಸರಿಗೆ ಚುಚ್ಚಿಕೊಳ್ಳುತ್ತದೆ, ಇಲ್ಲವೇ ತೇಲಿಕೊಂಡು ಬೇರೆಲ್ಲೋ ಹೋಗಿ ನೆಲೆಯೂರುತ್ತದೆ. ಅವತ್ತು ಮಾತ್ರ ಅವು ಕ್ಯಾಪ್ಟನ್ನರ ಚಾವಣಿಯ ಮೇಲೆ ನೆಲೆಯೂರಲು ನೋಡುತ್ತಿದ್ದವು.

"ಇದು ಮೀನಿನ ಶಿಶುವಿಹಾರ ಕಣಮ್ಮ" ಎಂದು ಅತ್ತೆ ನನಗೆ ತೋರಿಸಿದರು. "ನಿನ್ನ ಮೈದುನ ಹೊರಗೆ ಬಲೆ ಬೀಸಿ ಏನೇನು ಹಿಡೀತಾನೋ, ಅದರಲ್ಲಿ ಅರ್ಧ ಇಲ್ಲಿ ಬೆಳೆದು ಹೋಗಿರೋದು. ಈ ಸಂದಿಗೆ ದೊಡ್ಡ ಮೀನು ನುಗ್ಗೋಕಾಗಲ್ಲ. ಮಕ್ಕಳು ಸುಖವಾಗಿರ್ತವೆ."

ಇವರು ಮೇಲೆ ನೋಡುತ್ತ ಕೂತಿದ್ದವರು ಮೆಲ್ಲಗೆ ಬಾಯಿಬಿಟ್ಟರು. "ಅಮ್ಮಾ, ಎರಡು ಕೊಂಬೆ ತೆಗೆದ್ರೆ ಸಾಕು ಅನ್ಸುತ್ತೆ."

"ನೆಗಡಿ ಬಂತು ಅಂತ ಮೂಗು ಕೊಯ್ಕೋತಾರೇನೋ?"

"ಬರೀ ಕೊಂಬೆ ಅಮ್ಮಾ. ಮತ್ತೆ ಚಿಗುರುತ್ತೆ."

"ಚಿಗುರೋಕೆ ಇದೇನು ನಿನ್ನ ಗಡ್ಡವಾ? ಈ ಜಾತಿ ಮರದ ದಪ್ಪ ಕೊಂಬೆ ಕಡಿದ್ರೆ ಮತ್ತೆ ಚಿಗುರಲ್ಲ. ಅಲ್ಲಿಂದ ಒಣಗ್ತಾ ಒಣಗ್ತಾ ಬುಡಕ್ಕೇ ಬರುತ್ತೆ. ಮರ ಸತ್ರೆ ಬೇರು ಕೊಳೆಯುತ್ತೆ, ಬೇರು ಕೊಳೆತ್ರೆ ಕೆಸರು ಜಾರುತ್ತೆ, ಆಮೇಲೆ ಅಲೆ ಕೇಳ್ಕೊಂಡು ಒಳಗೆ ಬರುತ್ತೇನು? ಆಚೆ ಕಡೆ ಹೋಗಿ ಗೋಲ್ ಕಂಬ ನೋಡ್ಕೊಂಡು ಬಾ."

ಗೋಲ್ ಕಂಬದ ವಿಷಯ ಎತ್ತಿದರೆ ನಮ್ಮ ಊರಿನಲ್ಲಿ ಯಾರೂ ಎದುರಾಡುವುದಿಲ್ಲ. ದ್ವೀಪದ ಇನ್ನೊಂದು ಮಗ್ಗುಲಿನಲ್ಲಿ ಹಿಂದೆ ಒಂದು ವಸತಿಗೃಹದವರು ಸಮುದ್ರ ಚೆನ್ನಾಗಿ ಕಾಣಲಿ ಎಂದು ಕಾಂಡ್ಲಾ ಮರಗಳನ್ನೆಲ್ಲ ಕಡಿಸಿದ್ದರು. ಸಮುದ್ರ ಚೆನ್ನಾಗಿಯೇ ಕಂಡಿತು, ವರ್ಷ ವರ್ಷವೂ ಇನ್ನಷ್ಟು ಹತ್ತಿರದಿಂದ ಕಂಡಿತು. ಅವರ ಪಕ್ಕದಲ್ಲಿದ್ದ ಹುಡುಗರ ಚೆಂಡಾಟದ ಮೈದಾನ ಈಗ ನೀರಿನೊಳಗಿದೆ. ಒಂದು ಗೋಲ್ ಕಂಬ ಮಾತ್ರ ಇನ್ನೂ ನಿಂತಿದೆ, ನೀರುಕಾಗೆಗಳು ಅದರ ಮೇಲೆ ರೆಕ್ಕೆ ಒಣಗಿಸಿಕೊಳ್ಳುತ್ತವೆ.

ನೀರು ಇಳಿಯತೊಡಗಿತು. ಆದರೆ ಇವರು ಚಾವಣಿಯ ಮೇಲೆ ಹತ್ತಿ ಜಾಲರಿಗೆ ಒಂದು ಗೀರೂ ಬೀಳದ ಹಾಗೆ ನಾಜೂಕಾಗಿ ಬಿಡಿಸಲು ಹೋಗಿ ಹೊತ್ತು ಕಳೆದರು. ಮೇಲೆ ಬಿಡುಗಡೆಯಾಗುವಷ್ಟರಲ್ಲಿ ಕೆಳಗೆ ದೋಣಿಯ ತಳ ಕೆಸರಿನಲ್ಲಿ ಕೂತುಬಿಟ್ಟಿತು. ಅತ್ತ ದರಿ, ಇತ್ತ ಪುಲಿ. ಕೊನೆಗೆ ಮೂವರೂ ಮೊಣಕಾಲುದ್ದದ ಕೆಸರು ತುಳಿದು ಮನೆಗೆ ಬಂದೆವು. ಇವರು ಎರಡು ಸಲ ಜಾರಿ ಬಿದ್ದರು, ಟೋಪಿಯನ್ನು ಮಾತ್ರ ಕೈಯೆತ್ತಿ ಹಿಡಿದಿದ್ದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ದೋಣಿಯನ್ನು ಮೈದುನ ಸಂಜೆ ನೀರು ಅರ್ಧ ಏರಿದಾಗ ಹೋಗಿ ಎಳೆದು ತಂದ. ಅಷ್ಟು ನೀರು ಬಾಗಿಲಿನಿಂದ ಹೊರಗೆ ಎಳೆಯಲು ಸಾಕು, ಕಾಲುವೆಯ ತೀರ ಒಳಕ್ಕೆ ಹೋಗಲು ಸಾಲದು.

ಆಮೇಲೆ ಆ ಮಾತನ್ನು ಯಾರೂ ಹೆಚ್ಚು ಎತ್ತಲಿಲ್ಲ. ಎತ್ತಿದರೆ ಇವರು "ಕಾಲ ಬಂದಾಗ ನೋಡೋಣ" ಎನ್ನುತ್ತಿದ್ದರು. ದಿನದ ಓಡಾಟಕ್ಕೆ ಬಾಗಿಲಿನ ಗೊಡವೆ ಇಲ್ಲ. ಜನ ನೆರಳಿನಲ್ಲಿ ಕೂತು ಹಾಯಾಗಿ ದಾಟುತ್ತಿದ್ದರು, ಕೊಡೆಯ ಜಗಳ ನಿಂತಿತ್ತು. ನಾನು ದಾಟುವ ದಿನವಂತೂ ಇವರು ಚಾವಣಿಯ ನಟ್ಟನಡುವೆ, ಒಂದು ಹನಿಯೂ ತಾಗದ ಜಾಗದಲ್ಲಿ, ನನ್ನನ್ನೇ ಕೂರಿಸುತ್ತಿದ್ದರು. ಎಲ್ಲ ಅವರ ಜಂಭ ಎಂದುಕೊಂಡು ನಾನು ಸುಮ್ಮನೆ ಕೂರುತ್ತಿದ್ದೆ.

ಕಾಲ ಬಂತು. ಒಂದು ಸಂಜೆ ರೇಡಿಯೋ ಮೂರು ಸಲ ಅದೇ ಮಾತು ಹೇಳಿತು, ಜೆಟ್ಟಿಯ ಕಂಬಕ್ಕೆ ಕೆಂಪು ಬಾವುಟ ಏರಿತು. ನಾಳೆ ಮಧ್ಯಾಹ್ನದ ಹೊತ್ತಿಗೆ ಬಿರುಗಾಳಿ. ಬೆಳಗಿನ ಉಬ್ಬರದಲ್ಲಿ ಒಳಗೆ ಸೇರದ ದೋಣಿಗೆ ಮತ್ತೆ ದಾರಿಯಿಲ್ಲ. ಜೆಟ್ಟಿಗೆ ಕಟ್ಟಿ ಬಿಟ್ಟರೆ ಅದೇ ಜೆಟ್ಟಿಗೆ ಬಡಿದು ಚೂರಾಗುತ್ತದೆ. ಆ ದೋಣಿ ಹೋದರೆ ನಮ್ಮ ಮನೆಯ ಒಲೆಯಷ್ಟೇ ಅಲ್ಲ, ದ್ವೀಪದ ಕಾಲೇ ಹೋದ ಹಾಗೆ.  

ಬೆಳಿಗ್ಗೆ ನಾನು ಒಂದು ಚೀಲ ಚಿಂದಿಬಟ್ಟೆ ಹೊತ್ತುಕೊಂಡು ಜೆಟ್ಟಿಗೆ ಹೋದೆ. ಪ್ರತಿ ಸಲವೂ ನಾನೇ ಕೊಡುವುದು. ಹಗ್ಗ ಉಜ್ಜಿ ಬೇರಿನ ಸಿಪ್ಪೆ ಸುಲಿಯಬಾರದೆಂದು ಮೊದಲು ಬೇರಿಗೆ ಬಟ್ಟೆ ಸುತ್ತಿ ಅದರ ಮೇಲೆ ಹಗ್ಗ ಕಟ್ಟುತ್ತಾರೆ. ಊರವರ ಅಂಗಿ ಲಂಗಗಳ ಚೂರುಗಳನ್ನು ಕಾಂಡ್ಲಾ ಮರಗಳು ತೊಟ್ಟುಕೊಂಡಿರುವುದನ್ನು ನೋಡಬೇಕು ನೀವು. ಜೆಟ್ಟಿಯ ಸುತ್ತ ಸಣ್ಣ ದೋಣಿಗಳೆಲ್ಲ ಎಂಜಿನ್ ಹಚ್ಚಿಕೊಂಡು ಕಾಯುತ್ತಿದ್ದವು. ದೊಡ್ಡದು ಮೊದಲು ಹೋಗಬೇಕಲ್ಲ.

"ಅಣ್ಣಾ, ನೀರು ನಮ್ಮಪ್ಪನ ಮನೇದಲ್ಲ, ಕಾಯಲ್ಲ" ಎಂದು ಮೈದುನ ತನ್ನ ದೋಣಿಯಿಂದ ಕೂಗಿದ. "ಹೋಗ್ತೀಯಾ, ಇಲ್ಲ ನಾವು ಹೋಗೋಣ್ವಾ?"

ನಾನು ಚೀಲ ಇಡಲು ನಮ್ಮ ದೋಣಿಯೊಳಗೆ ಇಳಿದೆ. ಹಗ್ಗದ ಸುರುಳಿಯನ್ನು ಪಕ್ಕಕ್ಕೆ ಸರಿಸಿದೆ. ಅದರ ಕೆಳಗೆ, ಗೋಣಿಯಲ್ಲಿ ಸುತ್ತಿ, ಗರಗಸ.

ಚುಕ್ಕಾಣಿಯ ಹತ್ತಿರ ನಿಂತಿದ್ದ ಇವರ ಕಡೆ ತಿರುಗಿದೆ. "ಏನ್ರೀ ಇದು?"

"ಮೆಲ್ಲಗೆ ಮಾತಾಡು."

"ನಾನು ಹುಟ್ಟಿದಾಗಿಂದ ಮೆಲ್ಲಗೆ ಮಾತಾಡಿಲ್ಲ. ಏನಿದು?"

"ಎರಡೇ ಕೊಂಬೆ ಕಣೇ. ಬೇರೆ ದಾರಿ ಇಲ್ಲ. ದೋಣಿ ಉಳೀಬೇಕಲ್ಲ."

"ದೋಣಿ ಉಳಿಯೋಕೆ ದಾರಿ ಇಲ್ವಾ, ಚಾವಣಿ ಉಳಿಯೋಕೆ ದಾರಿ ಇಲ್ವಾ?" ನನಗೆ ಸಿಟ್ಟು ನೆತ್ತಿಗೇರಿತ್ತು. "ಅಲ್ಲಿ ನಿಂತಿರೋ ಅಷ್ಟೂ ದೋಣಿಗೆ ಆ ಬಾಗಿಲೇ ಗತಿ. ನಿಮ್ಮ ತಮ್ಮನ ದೋಣಿಗೂ. ಇವತ್ತೊಂದು ದಿನಕ್ಕೆ ಬಾಗಿಲು ಕಿತ್ತು ಹಾಕಿದ್ರೆ ಮುಂದಿನ ಬಿರುಗಾಳಿಗೆ ಎಲ್ಲಿಗೆ ಹೋಗೋದು ಇವರೆಲ್ಲ? ಒಂದು ತುಂಡು ತಗಡಿಗೋಸ್ಕರ! ಯಾರಿಗೆ ತೋರಿಸಬೇಕಿತ್ತು ನಿಮ್ಮ ಈ ಜಾಲರಿ?"

"ನಿನಗೆ" ಎಂದರು.

 ಇವರು ನನ್ನ ಮುಖ ನೋಡಲಿಲ್ಲ, ಕಂಬಕ್ಕೆ ಕೈ ಕೊಟ್ಟುಕೊಂಡು ನೀರನ್ನೇ ನೋಡುತ್ತ ಹೇಳಿದರು.

"ಮದುವೆ ಆಗಿ ನಿನ್ನನ್ನ ಆಚೆ ದಡದಿಂದ ಕರ್ಕೊಂಡು ಬಂದ ದಿನ ಸುರೀತಾ ಇತ್ತಲ್ಲ ಮಳೆ. ನಿಮ್ಮಪ್ಪ ನಿನಗೇಂತ ಹೊಲಿದ ಬಟ್ಟೆ, ಅದರ ನೀಲಿ ಬಣ್ಣ ಎಲ್ಲ ಕರಗಿ ದೋಣಿ ತುಂಬ ಹರೀತಿತ್ತು. ನೀನು ದಾರಿ ಉದ್ದಕ್ಕೂ ಅಳ್ತಾ ಕೂತಿದ್ದೆ. ಇವಳ ತಲೆ ಮೇಲೆ ಒಂದು ಸೂರು ಹಾಕ್ಲೇಬೇಕು, ಇನ್ನೊಂದ್ಸಲ ನನ್ನ ದೋಣೀಲಿ ಇವಳು ನೆನೀಬಾರದು ಅಂತ ಅವತ್ತೇ ಅಂದ್ಕೊಂಡೆ. ಅಷ್ಟು ವರ್ಷದಿಂದ ಅಂದ್ಕೊಂಡಿದ್ದು ಈಗ ಕೈಗೂಡಿತ್ತು."

ಇಂಥ ಮಾತನ್ನು ಬಿರುಗಾಳಿ ಬರುವ ದಿನ, ಊರೆಲ್ಲ ಎಂಜಿನ್ ಹಚ್ಚಿಕೊಂಡು ಕಾಯುವಾಗ ಹೇಳುವ ಗಂಡ ನನಗಲ್ಲದೆ ಇನ್ಯಾರಿಗೆ ಸಿಗಬೇಕು? ನನಗೆ ಅಳು ಬಂತು, ನಗುವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ.

"ಅಯ್ಯೋ, ನಾನು ಅತ್ತಿದ್ದು ಮಳೆಗಲ್ಲ ರೀ. ಅಮ್ಮನ್ನ ಬಿಟ್ಟು ಬಂದೆ ಅಂತ. ಚಾವಣಿ ಇದ್ದಿದ್ರೂ ಅಳ್ತಿದ್ದೆ, ಅರಮನೇಲಿ ಕೂರಿಸಿ ಕರ್ಕೊಂಡು ಬಂದಿದ್ರೂ ಅಳ್ತಿದ್ದೆ."

"ಮಳೆಗಲ್ವಾ?"

"ಅಲ್ಲ. ಅಳು ನಿಂತಿದ್ದು ಯಾವಾಗ ಗೊತ್ತಾ? ನೀವು ಅಂಗಿ ಬಿಚ್ಚಿ ನನ್ನ ತಲೆ ಮೇಲೆ ಹಿಡಿದ್ರಲ್ಲ, ಒಂದು ಕೈಯಲ್ಲಿ ಚುಕ್ಕಾಣಿ, ಒಂದು ಕೈಯಲ್ಲಿ ಅಂಗಿ, ಆಗ."

"ಆ ಅಂಗಿ ಹೆಗಲ ಹತ್ರ ತೂತಾಗಿತ್ತು. ನಾಚಿಕೆಯಾಗಿತ್ತು ನನಗೆ."

"ತೂತಾಗಿದ್ದು ನಿಜ. ಆ ತೂತಿಂದ ನೀರು ಸರಿಯಾಗಿ ನನ್ನ ಮೂಗಿನ ಮೇಲೇ ತೊಟ್ಟಿಕ್ತಿತ್ತು. ಅದಕ್ಕೇ ನನಗೆ ನಗು ಬಂದಿದ್ದು. ನನಗೆ ಅವತ್ತೇ ಸೂರು ಸಿಕ್ಕಿತ್ತು ರೀ. ಈಗ ಕಡೀರಿ. ಆದರೆ ಮರ ಅಲ್ಲ."

ಇವರು ತಲೆಯೆತ್ತಿ ತಗಡನ್ನೊಮ್ಮೆ ನೋಡಿದರು. ಆಮೇಲೆ ಟೋಪಿ ತೆಗೆದು ನನ್ನ ಕೈಗೆ ಕೊಟ್ಟು, ಜೆಟ್ಟಿಯ ಪಕ್ಕದ ಶೆಡ್ಡಿನ ಕಡೆ ತಿರುಗಿ ಗಂಟಲು ಹರಿಯುವ ಹಾಗೆ ವೆಲ್ಡರನನ್ನು ಕೂಗಿದರು.

ವೆಲ್ಡರ್ ಕತ್ತರಿಸುವ ಗ್ಯಾಸಿನ ಸಿಲಿಂಡರನ್ನು ಗಾಡಿಯ ಮೇಲೆ ಉರುಳಿಸಿಕೊಂಡು ಬಂದ. ಅವನ ಮುಖದಲ್ಲಿ ಒಂದೇ ಒಂದು ಮಾತು ಕಾಯುತ್ತಿರುವುದು ದೂರದಿಂದಲೇ ಕಾಣುತ್ತಿತ್ತು. "ಬೋಲ್ಟ್..." ಎಂದು ಶುರುಮಾಡಿದ.

"ನಾಳೆ ಹೇಳು. ಇಡೀ ದಿನ ಕೂತು ಕೇಳ್ತೀನಿ. ಈಗ ಕತ್ತರಿಸು" ಎಂದರು ಇವರು.

ಕಿಡಿ ಹಾರಿತು. ಒಂದೊಂದೇ ಕಂಬ ಬುಡದಲ್ಲಿ ಕೆಂಪಗಾಗಿ ಬಿಟ್ಟುಕೊಂಡಿತು. ಸಣ್ಣ ದೋಣಿಗಳವರು ತಮ್ಮ ತಮ್ಮ ದೋಣಿ ಕಟ್ಟಿ ಓಡಿ ಬಂದು ಚಾವಣಿಗೆ ಹೆಗಲು ಕೊಟ್ಟರು. ಇಳಿಸುವಾಗ ಅದು ಜೆಟ್ಟಿಯ ಅಂಚಿಗೆ ತಾಗಿ ನಡುವೆ ಬಾಗಿತು. ಇವರು ಆ ಕಡೆ ನೋಡಲೇ ಇಲ್ಲ, ಹಗ್ಗ ಸುತ್ತುವುದರಲ್ಲೇ ಇದ್ದರು. ಅತ್ತೆ ಬಾಗಿದ ಚಾವಣಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬೆರಳಿನಿಂದ ತಟ್ಟಿ ನೋಡಿ, "ಕೋಳಿಗೂಡಿಗೆ ಹೇಳಿ ಮಾಡಿಸಿದ ಹಾಗಿದೆ" ಎಂದರು. ಅದನ್ನು ನಮ್ಮ ಅಂಗಳಕ್ಕೆ ಹೊತ್ತು ತಂದು ನೀರಿನ ತೊಟ್ಟಿಗೆ ಬಿಗಿಯಾಗಿ ಕಟ್ಟಿದೆವು.

ನೀರು ಇಳಿಯಲು ತೊಡಗುವ ಮೊದಲೇ ನಮ್ಮ ದೋಣಿ ಬಾಗಿಲು ತಲುಪಿತು. ಕೊಂಬೆ ಹತ್ತಿರ ಬಂದಾಗ ಇವರು ಬಗ್ಗಿದರು. ಹಿಂದಿನ ದೋಣಿಗಳಲ್ಲಿ ಒಬ್ಬೊಬ್ಬರಾಗಿ ಬಗ್ಗಿದರು. ನಾನು ದಡದ ಮೇಲೆ ಅತ್ತೆಯ ಜೊತೆ ನಿಂತು ನೋಡುತ್ತಿದ್ದೆ. ಅತ್ತೆ ನನ್ನ ಕೈಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟರು.

ಮಧ್ಯಾಹ್ನ ಅದು ಬಂತು. ಅದರ ವರ್ಣನೆ ಬೇಡ, ಕಿಟಕಿಗೆ ಹಲಗೆ ಹೊಡೆದು ಕೂತವರಿಗೆಲ್ಲ ಗೊತ್ತಿರುವುದೇ. ನಾನು ಮೆಷಿನ್ನಿಗೆ ಕಂಬಳಿ ಹೊದಿಸಿದ್ದೆ. ಇವರು ಕೂತಲ್ಲೇ ಮುಷ್ಟಿ ಬಿಗಿಹಿಡಿದು, ಒಂದೊಂದು ಗಾಳಿಗೂ ಹಗ್ಗ ಎಳೆಯುವವರ ಹಾಗೆ ಹಿಂದಕ್ಕೆ ವಾಲುತ್ತಿದ್ದರು. ಅಂಗಳದಲ್ಲಿ ಕಟ್ಟಿಹಾಕಿದ ಚಾವಣಿ ಸಂಜೆಯವರೆಗೂ ಎದ್ದೆದ್ದು ಬಡಿದುಕೊಂಡಿತು. ತೊಟ್ಟಿಯನ್ನೇ ಕಿತ್ತುಕೊಂಡು ಹೊರಡುತ್ತದೆಯೇನೋ ಅನ್ನಿಸಿತು.

"ಇದು ದೋಣಿ ಮೇಲಿದ್ದಿದ್ರೆ" ಎಂದು ಇವರು ತಾವಾಗಿಯೇ ಹೇಳಿದರು, "ಕಾಲುವೆ ಒಳಗಿದ್ರೂ ಗಾಳಿ ಇದನ್ನ ಹಿಡ್ಕೊಂಡು ದೋಣಿನೇ ಮಗುಚಿ ಹಾಕ್ತಿತ್ತು." ಮದುವೆಯಾದಾಗಿನಿಂದ ಇವರು ತಪ್ಪನ್ನು ಒಪ್ಪಿಕೊಂಡದ್ದು ಅದೇ ಮೊದಲು. ಗಾಳಿಯ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂದು ಹೇಳಿ ಇನ್ನೊಮ್ಮೆ ಹೇಳಿಸಿದೆ.

ಮರುದಿನ ಬೆಳಿಗ್ಗೆ ಊರಿಗೂರೇ ಕಾಲುವೆಗೆ ಓಡಿತು. ಜೆಟ್ಟಿಯ ಹಲಗೆಗಳು ಅರ್ಧಕ್ಕರ್ಧ ಮಾಯವಾಗಿದ್ದವು. ಕಾಂಡ್ಲಾ ಕಾಡಿನ ಹೊರಸಾಲಿನ ಎಲೆಗಳೆಲ್ಲ ಉದುರಿ, ಬೇರುಗಳ ನಡುವೆ ಎಲ್ಲೆಲ್ಲಿಯದೋ ಸಾಮಾನು ಸಿಕ್ಕಿಕೊಂಡಿತ್ತು: ಒಂದು ಪ್ಲಾಸ್ಟಿಕ್ ಕುರ್ಚಿ, ಯಾರದೋ ಸ್ನಾನದ ಮನೆಯ ಕದ, ವಸತಿಗೃಹದ "ಸುಸ್ವಾಗತ" ಬೋರ್ಡು. ಬಾಗಿಲ ಎರಡೂ ಮರಗಳು ನಿಂತಿದ್ದವು. ಒಳಗೆ ದೋಣಿಗಳು ಮೈತುಂಬ ಎಲೆ ಹೊದ್ದುಕೊಂಡು, ಒಂದಕ್ಕೊಂದು ಒರಗಿಕೊಂಡು ಇದ್ದವು. ತೀರ ಒಳಗೆ ನಮ್ಮದು, ಬೋಳುತಲೆಯದು. ಒಂದು ಗೀರು ಕೂಡ ಬಿದ್ದಿರಲಿಲ್ಲ. ಇವರು ಅದರ ಅಂಚನ್ನು ಸವರಿ ನೋಡಿ, ಹೊರಗೆ ಬಂದು, ಯಾರೂ ನೋಡುತ್ತಿಲ್ಲ ಎಂದುಕೊಂಡು ಬಾಗಿಲ ಮರದ ಬೇರಿಗೆ ಎರಡು ಸಲ ತಟ್ಟಿದರು. ನಾನು ನೋಡುತ್ತಿದ್ದೆ.

ಆ ವಾರ ನಾನು ಬೇರೆಯವರ ಬಟ್ಟೆ ಮುಟ್ಟಲಿಲ್ಲ. ದಪ್ಪ ಕ್ಯಾನ್ವಾಸು ತರಿಸಿದೆ. ಮೊದಲು ಟೇಪು ಹಿಡಿದು ದೋಣಿಗೂ ಬಾಗಿಲಿಗೂ ಹೋಗಿ ಉಬ್ಬರದಲ್ಲಿ ಒಮ್ಮೆ, ಇಳಿತದಲ್ಲಿ ಒಮ್ಮೆ ಅಳತೆ ತೆಗೆದೆ. ಇವರು ಟೇಪಿನ ಇನ್ನೊಂದು ತುದಿ ಹಿಡಿದುಕೊಂಡರು. ಮಡಚಬಹುದಾದ ಬಿದಿರಿನ ಬಿಲ್ಲುಗಳು, ಅವುಗಳ ಮೇಲೆ ಬಟ್ಟೆ, ಅಂಚಿಗೆ ದೊಡ್ಡ ದೊಡ್ಡ ಗುಂಡಿ. ಬೇಕಾದಾಗ ಹಾಕಿಕೊಳ್ಳಬಹುದು, ಬಾಗಿಲು ಬಂದಾಗ ಬಿಚ್ಚಬಹುದು. ದೋಣಿಗೊಂದು ಅಂಗಿ. ಅದನ್ನು ನೋಡಿದ ವೆಲ್ಡರ್ ತಲೆ ಕೆರೆದುಕೊಂಡು, "ನಾನು ಹೇಳಿದ ಬೋಲ್ಟನ್ನೇ ಅತ್ತಿಗೆ ಗುಂಡಿ ಮಾಡಿದ್ದಾರೆ" ಎಂದ. ಅಷ್ಟು ಹೊತ್ತಿಗೆ ನೀಲಿ ತಗಡು, ಬಿಳಿ ಜಾಲರಿ ಸಮೇತ, ಅತ್ತೆಯ ಕೋಳಿಗಳ ಮೇಲೆ ಏರಿಯಾಗಿತ್ತು. ಅತ್ತೆ ತಮ್ಮ ಹುಂಜವನ್ನು "ಕ್ಯಾಪ್ಟನ್" ಎಂದು ಕರೆಯುತ್ತಾರೆ. ಇವರು ಕೇಳಿಸದವರ ಹಾಗೆ ದಾಟಿಹೋಗುತ್ತಾರೆ.

ಮೊನ್ನೆ ಬಾಗಿಲ ಮರಗಳ ಕೆಳಗೆ ಬಿದ್ದ ಮೊಳಕೆಗಳನ್ನು ಬುಟ್ಟಿಗಟ್ಟಲೆ ಆರಿಸಿಕೊಂಡು ಗೋಲ್ ಕಂಬದ ಕಡೆಗೆ ಹೊರಟೆವು. ಅಲ್ಲಿ ನೀರು ತೆಳುವಾಗಿ ಬಂದುಹೋಗುವ ಅಂಚಿನಲ್ಲಿ ನೆಡಬೇಕೆಂದು ಅತ್ತೆಯ ಅಪ್ಪಣೆ. ಹಿಡಿದರೆ ಹಿಡಿಯುತ್ತವೆ, ಇಲ್ಲದಿದ್ದರೆ ಮತ್ತೆ ನೆಡುವುದು. ಹೊಸ ಅಂಗಿ ತೊಟ್ಟ ದೋಣಿಯ ಮೇಲೆ ಮೊದಲ ಮಳೆ ಬಂದದ್ದು ಅದೇ ದಿನ. ಬೇರೆ ಯಾರೂ ನೆನೆಯಲಿಲ್ಲ. ನಾನು ಕೂತ ಕಡೆ ಮಾತ್ರ ಹೊಲಿಗೆಯ ಸಂದಿಯಿಂದ ಒಂದು ಹನಿ ಇಳಿದು ಸರಿಯಾಗಿ ನನ್ನ ಮೂಗಿನ ಮೇಲೆ ಬಿತ್ತು. ಮತ್ತೊಂದು ಬಿತ್ತು. ಇವರು ಚುಕ್ಕಾಣಿಯಿಂದ ನೋಡಿದರು. ಒಂದು ಕೈಯಲ್ಲೇ ಅಂಗಿ ಬಿಚ್ಚಿ, ಪೂರ್ತಿ ಕೈ ಚಾಚಿ ನನ್ನ ತಲೆಯ ಮೇಲೆ ಹಿಡಿದರು.

"ಅಷ್ಟು ದೊಡ್ಡ ದರ್ಜಿ, ಒಂದು ತೂತು ಕಾಣಲಿಲ್ವಾ ನಿನಗೆ?" ಎಂದು ಅತ್ತೆ ಬೈದರು.

ಕಂಡಿತ್ತು. ನಾಲ್ಕು ಹೊಲಿಗೆ ಹಾಕಿದರೆ ಮುಚ್ಚಿಹೋಗುವ ತೂತು ಅದು. ನಾನಿನ್ನೂ ಹಾಕಿಲ್ಲ.